ಪೂಜೆಯ ನಡುವೆ ಬಂದ ಉತ್ತರ

ಯಾರಾದರೂ ವಿಚಿತ್ರ ಅನುಭವದ ಮಾತು ತೆಗೆದರೆ, ಒಲೆಯ ಮೇಲಿನ ಹಾಲು ನೋಡುವ ನೆಪದಲ್ಲಿ ಎದ್ದು ಹೋಗುವವಳು ನಾನು. ನಂಬಿಕೆ ಇರಲಿಲ್ಲ. ಈಗಲೂ ಪೂರ್ತಿ ಇದೆ ಎನ್ನಲಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯಲ್ಲೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ನಮ್ಮದು ಕಾಸಾರಶಿರಸಿಯ ಜಂಗಮರ ಮನೆ. ಅತ್ತೆಯವರನ್ನು ಎಲ್ಲರೂ ಆಯಿ ಎಂದೇ ಕರೆಯುತ್ತೇವೆ. ಬೆಳಿಗ್ಗೆ ಅಡುಗೆಮನೆಯ ಮೂಲೆಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಪೂಜೆ ಮುಗಿಯುವ ತನಕ ಅವರದು ಒಂದು ಮಾತೂ ಇಲ್ಲ. ಆಡಿಬಿಟ್ಟರೆ ಆ ಮಧ್ಯಾಹ್ನ ಊಟವಿಲ್ಲ. ಅದು ಅವರೇ ಮಾಡಿಕೊಂಡ ನೇಮ. ಒಮ್ಮೆ ಒಣಹಾಕಿದ ತೊಗರಿಗೆ ಆಡು ಬಾಯಿ ಹಾಕಿತೆಂದು ಕೂಗಿಬಿಟ್ಟು, ಹಬ್ಬದ ಹೋಳಿಗೆಯನ್ನೂ ಮುಟ್ಟಿರಲಿಲ್ಲ.

ಮಗಳು ಪಲ್ಲವಿ ಉದಗೀರದಲ್ಲಿ ನರ್ಸಿಂಗ್ ಮುಗಿಸಿ ಜರ್ಮನಿಯ ಒಂದು ವೃದ್ಧಾಶ್ರಮದ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅಲ್ಲಿಯ ಭಾಷೆಯಲ್ಲಿ ಸಂದರ್ಶನ ಪಾಸಾದರೆ ಮಾತ್ರ ಕೆಲಸ. ನಮ್ಮ ಮನೆ ಶಾಂತವಾಗಿರುವುದು ಆಯಿಯ ಪೂಜೆಯ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಆಗಲೇ ಮೊಬೈಲಿನಲ್ಲಿ ಆ ಭಾಷೆಯ ಪಾಠ ಹಚ್ಚುತ್ತಿದ್ದಳು. ಹೆಂಗಸೊಬ್ಬಳು ಪ್ರಶ್ನೆ ಕೇಳಿ, ಉತ್ತರಕ್ಕೆ ಜಾಗ ಬಿಟ್ಟು ಸುಮ್ಮನಾಗುತ್ತಿದ್ದಳು. ಆ ಜಾಗದಲ್ಲಿ ಪಲ್ಲವಿಯ ತೊದಲು, ಹಿಂದೆ ನಾನು ರೊಟ್ಟಿ ಬಡಿಯುವ ಸಪ್ಪಳ.

ಪೂಜೆ ಮುಗಿಸಿ ಎದ್ದ ಆಯಿ ಒಂದು ದಿನ, "ಈ ಪಾಠದಾಕಿ ಛಲೋ ಇದ್ದಾಳ ನೋಡ್. ಕೇಳಿ ಸುಮ್ಮ ಕೂಡ್ತಾಳ. ನಿಮ್ಮವ್ವನ ಹಂಗಲ್ಲ" ಎಂದು ನನ್ನನ್ನು ಚುಚ್ಚಿದರು.

ಒಂದೇ ಒಂದು ಪ್ರಶ್ನೆಗೆ ಪಲ್ಲವಿಯ ಬಾಯಿ ಕಟ್ಟುತ್ತಿತ್ತು. ಮುದುಕರ ಸೇವೆ ನಿನಗೆ ಯಾಕೆ ಬೇಕು ಎನ್ನುವುದು. ಸಂದರ್ಶನದಲ್ಲಿ ಅದನ್ನು ಕೇಳೇ ಕೇಳುತ್ತಾರಂತೆ. ಪಾಠದಲ್ಲಿ ಅದಕ್ಕೆ ಉತ್ತರ ಕೊಟ್ಟಿರಲಿಲ್ಲ, ತನ್ನದೇ ಹೇಳಬೇಕು. ಕನ್ನಡದಾಗರೆ ಹೇಳು ಎಂದೆ. ಕಣ್ಣು ತುಂಬಿಕೊಂಡಳು.

"ನಮ್ಮ ಆಯೀನ ಬಿಟ್ಟು ಮಂದಿ ಆಯೀನ ನೋಡಾಕ ಹೊಂಟೀನಿ. ಏನಂತ ಹೇಳ್ಲಿ, ಅವ್ವಾ?"

ಸಂದರ್ಶನದ ದಿನ ಬೆಳಿಗ್ಗೆಯೂ ಅದೇ ಪಾಠ. ಹೆಂಗಸು ಪ್ರಶ್ನೆ ಕೇಳಿ ಸುಮ್ಮನಾದಳು. ಪಲ್ಲವಿ ತಲೆ ತಗ್ಗಿಸಿದಳು. ಆ ಜಾಗದಲ್ಲಿ ಒಂದು ದನಿ ಬಂತು. ನಶ್ಯ ಏರಿಸಿ ಒರಟಾದ, ದಿನವೂ ನನ್ನನ್ನು ಕೂಗುವ ಆಯಿಯ ದನಿ. ಮಾತು ಮಾತ್ರ ನಮ್ಮದಲ್ಲ, ಪಾಠದ ಹೆಂಗಸಿನ ಭಾಷೆ. ಹಿಟ್ಟಿನ ಕೈ ಹಾಗೇ ನಿಂತಿತು. ತಿರುಗಿ ನೋಡಿದರೆ ಆಯಿ ನಮಗೆ ಬೆನ್ನು ಮಾಡಿ ಲಿಂಗದ ಮೇಲೆ ದೃಷ್ಟಿಯಿಟ್ಟು ಕೂತಿದ್ದರು.

"ಅವರಿಗೆ ನೀರು ಕುಡಿಸಿದ್ರ ನನ್ನ ನೀರಡಿಕಿ ಹೋಗ್ತದ, ಅಂತ ಅಂದ್ರು" ಎಂದು ಪಲ್ಲವಿ ಪಿಸುಗುಟ್ಟಿದಳು. ಪಾಠವನ್ನು ಮತ್ತೆ ಹಚ್ಚಿದಳು. ಉತ್ತರದ ಜಾಗದಲ್ಲಿ ಬರೀ ಮೌನ.

ಪೂಜೆಯಾದ ಮೇಲೆ ಕೇಳಿದೆವು. "ಪೂಜಿಯಾಗ ನಾ ಯಾಕ ಮಾತಾಡ್ಲಿ? ತಾಯಿ ಮಗಳ ಕಿವಿ ಕೆಟ್ಟಾವ" ಎಂದು ನಕ್ಕುಬಿಟ್ಟರು.

ಸಂಜೆಯ ಸಂದರ್ಶನದಲ್ಲಿ ಪಲ್ಲವಿ ಅದನ್ನೇ ಹೇಳಿದಳು, ಪಾಸಾದಳು. ಈಗ ಜರ್ಮನಿಯಲ್ಲೇ ಇದ್ದಾಳೆ. ತಿಂಗಳುಗಟ್ಟಲೆ ಪಾಠ ಕಿವಿಗೆ ಬಿದ್ದು ಆಯಿ ಕಲಿತಿರಬಹುದು ಎಂದು ನೀವು ಅನ್ನಬಹುದು, ನಾನೂ ಅಂದುಕೊಂಡೆ. ಆದರೆ ಆ ವಾಕ್ಯ ಯಾವ ಪಾಠದಲ್ಲೂ ಇರಲಿಲ್ಲ ಎನ್ನುತ್ತಾಳೆ ಪಲ್ಲವಿ. ನಾವಿಬ್ಬರೂ ಭ್ರಮೆಪಟ್ಟೆವು ಎಂದು ಇಟ್ಟುಕೊಳ್ಳೋಣವೆಂದರೆ, ಅದೇ ದಿನ ಮಧ್ಯಾಹ್ನದ್ದು ನೆನಪಾಗುತ್ತದೆ.

ಬಿಸಿ ರೊಟ್ಟಿ, ಆಯಿಗೆ ಪ್ರೀತಿಯ ಎಣ್ಣೆಗಾಯಿ ಬಡಿಸಿದ್ದೆ. ತಾಟನ್ನು ಮೆಲ್ಲಗೆ ಮೊಮ್ಮಗಳ ಕಡೆ ಸರಿಸಿದರು.

"ನೀ ಉಣ್ಣು. ನನಗ ಇವತ್ತ ಹಸಿವಿಲ್ಲ."