ಹಿತ್ತಾಳೆ ಬಟ್ಟಲಿನ ಹುಣಸೆ ಬೀಜ

1984ರಲ್ಲಿ ನಾವು ಜೇವರ್ಗಿಯಲ್ಲಿದ್ದೆವು. ಯಜಮಾನರು ಇಂಜಿನಿಯರು. ನನಗೆ ಹುದ್ದೆ ಅಂತ ಏನೂ ಇರಲಿಲ್ಲ. ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಚಾಪೆ ಹಾಸಿ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದೆ. ಮುಂದೆ ಅಫಜಲಪುರ, ಆಳಂದ ಅಂತ ವರ್ಗವಾದಲ್ಲೆಲ್ಲ ಅದೇ ಚಾಪೆ, ಒಟ್ಟು ಹದಿನಾರು ವರ್ಷ. ಎಷ್ಟೋ ಜನ ಕಲಿತು ಹೋದರು. ಕರೆಯದೆಯೇ ನೆನಪಿಗೆ ಬರುವವಳು ಮಾತ್ರ ಒಬ್ಬಳು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ತಪ್ಪು ಇಂಗ್ಲಿಷ್ ಆಡಿದವರ ಕೊರಳಿಗೆ ಮರದ ಬಿಲ್ಲೆ ಬೀಳುತ್ತಿತ್ತು. ಅದು ಕ್ರೂರ ಅನ್ನಿಸಿ ನಾನು ಮೆತ್ತಗಿನದೊಂದು ಉಪಾಯ ಮಾಡಿಕೊಂಡಿದ್ದೆ. ಬೈಯುವುದಿಲ್ಲ, ಮಾತು ತಡೆಯುವುದಿಲ್ಲ. ತಪ್ಪು ಕೇಳಿದಾಗ ಪಕ್ಕದ ಹಿತ್ತಾಳೆ ಬಟ್ಟಲಿಗೆ ಒಂದು ಹುಣಸೆ ಬೀಜ ಹಾಕುವುದು. ಟಣ್. ಕೊನೆಗೆ ಬೀಜ ಎಣಿಸಿ ಒಂದೊಂದು ತಪ್ಪನ್ನೇ ತಿದ್ದುವುದು. ಜನ ದಿನವೂ ಆಡುವ ಕೆಲವು ಮಾತುಗಳು ನನಗೆ ಅನ್ನದೊಳಗಿನ ಹರಳಿದ್ದಂತೆ. ‘ಮೈಸೆಲ್ಫ್ ಇಂಥವರು’ ಅನ್ನುವುದು, ಹೆಸರಿಗೆ ‘ಗುಡ್ ನೇಮ್’ ಅನ್ನುವುದು, ಇರುವುದಕ್ಕೆಲ್ಲ ‘ಹ್ಯಾವಿಂಗ್’ ಸೇರಿಸುವುದು.

ಮಹಾದೇವಿ ನೆಲೋಗಿಯಿಂದ ಬಸ್ಸಿಗೆ ಬರುತ್ತಿದ್ದಳು. ಇಪ್ಪತ್ತಾರು ವರ್ಷ, ಕನ್ನಡ ಮಾಧ್ಯಮದ ಬಿ.ಎ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದಳು; ನಾಲ್ಕು ವರ್ಷದ ಮಗಳು ಗಂಗೂ ಮಾತ್ರ ಇಜೇರಿಯಲ್ಲಿ ಅತ್ತೆಮಾವನ ಹತ್ತಿರ. “ನೌಕರಿ ಹಿಡದು ಬಾಡಿಗಿ ಖೋಲಿ ಮಾಡು, ಆಮ್ಯಾಲ ಮಗಳನ್ನ ಒಯ್ಯಿ” ಅಂದಿದ್ದರಂತೆ. ಜೇವರ್ಗಿಯಲ್ಲಿ ಆಗ ಇಂಗ್ಲಿಷ್ ಮಾಧ್ಯಮದ ಶಿಶುಶಾಲೆಯೊಂದು ಹೊಸದಾಗಿ ತೆರೆಯುವುದಿತ್ತು. ಸಂದರ್ಶನಕ್ಕೆ ಆರು ವಾರ ಉಳಿದಿತ್ತು.

ಮೊದಲ ದಿನ ಉಸಿರು ತೆಗೆದುಕೊಳ್ಳದೆ ಮಾತಾಡಿದಳು. “ಮೈಸೆಲ್ಫ್ ಮಹಾದೇವಿ, ಅಕ್ಕೋರ. ಐ ಆಮ್ ಹ್ಯಾವಿಂಗ್ ಒನ್ ಡಾಟರ್. ವೆರಿ ನಾಟಿ. ಮೈ ಹೆಡ್ ಓನ್ಲಿ ಶೀ ಈಸ್ ಈಟಿಂಗ್!” ಸೀಟು ಕೊಡದ ಕಂಡಕ್ಟರನಿಗೆ ಇಂಗ್ಲಿಷಿನಲ್ಲಿ ಬೈದದ್ದನ್ನು ಎದ್ದು ನಿಂತು ಮಾಡಿ ತೋರಿಸಿದಳು. ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ನಗುನಗುತ್ತಲೇ ಬೀಜ ಹಾಕಿದೆ. ಇಪ್ಪತ್ಮೂರು.

“ಅಯ್ಯ ಅಕ್ಕೋರ, ಇಷ್ಟು ಬೀಜಾ? ಹಿಂಗಾದ್ರ ನಿಮ್ಮ ಪಡಸಾಲ್ಯಾಗ ಹುಣಸಿ ಗಿಡಾನೇ ಹುಟ್ಟತದ ನೋಡ್ರಿ!”

ಎರಡನೆಯ ವಾರ ಹದಿನಾಲ್ಕಕ್ಕೆ ಇಳಿಯಿತು. ಕೊನೆಯ ವಾರ ಒಂದು ದಿನ ಬಟ್ಟಲಲ್ಲಿ ಒಂದೇ ಬೀಜ. ಅದನ್ನು ಯಜಮಾನರಿಗೆ ತೋರಿಸಿ ಹಿಗ್ಗಿದೆ.

ಸಣ್ಣಸಣ್ಣದೂ ನನ್ನ ಕಣ್ಣಿಗೆ ಬೀಳುತ್ತದೆ ಅಂತ ಮನೆಯವರು ಹೇಳುತ್ತಾರೆ. ಬಿದ್ದಿತ್ತು. ಪ್ರತಿ ವಾಕ್ಯಕ್ಕೂ ಮೊದಲು ಅವಳ ಕಣ್ಣು ಬಟ್ಟಲಿನ ಕಡೆ ಹೋಗುತ್ತಿತ್ತು. ತುಟಿ ಒಳಗೊಳಗೇ ಅಲುಗುತ್ತಿತ್ತು. ಸೆರಗಿನ ಅಂಚು ಬೆರಳಿಗೆ ಸುತ್ತಿ ಸುತ್ತಿ ಸುಕ್ಕಾಗಿತ್ತು. ಇದೆಲ್ಲ ಶ್ರದ್ಧೆ ಅಂದುಕೊಂಡೆ. ಕಂಡಕ್ಟರನ ಸುದ್ದಿ ನಿಂತಿದ್ದೂ, ಗಂಗೂ ಮಾತಿನಿಂದಲೇ ಮಾಯವಾದದ್ದೂ ನನಗೆ ಹೊಳೆಯಲಿಲ್ಲ. ಮಗಳ ಮಾತು ಎತ್ತಿದಾಗಲೆಲ್ಲ ಬೀಜ ಬಿದ್ದಿತ್ತು. ಅವಳು ಆ ಮಾತನ್ನೇ ಬಿಟ್ಟಿದ್ದಳು.

ಸಂದರ್ಶನಕ್ಕೆ ಮೂವರು ಕೂತಿದ್ದೆವು. ತೊಗರಿಬೇಳೆ ಮಿಲ್ಲಿನ ಮಾಲೀಕರಾಗಿದ್ದ ಶಾಲೆಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರರು, ಕಾನ್ವೆಂಟ್ ಓದಿದವಳು ಅಂತ ಕರೆಸಿಕೊಂಡ ನಾನು. ಮಹಾದೇವಿ ನನ್ನ ಶಿಷ್ಯೆ ಅಂತ ಮೊದಲೇ ಹೇಳಲಿಲ್ಲ. ಅವಳು ಚೆನ್ನಾಗಿ ಮಾತಾಡಿದ ಮೇಲೆ ಹೇಳಿ ಬೆರಗುಗೊಳಿಸೋಣ ಅಂತ.

“ವಾಟ್ ಈಸ್ ಯುವರ್ ಗುಡ್ ನೇಮ್?” ಅಧ್ಯಕ್ಷರು ಕೇಳಿದರು.

“ಮೈ ನೇಮ್ ಈಸ್ ಮಹಾದೇವಿ, ಸರ್.”

“ಯು ಆರ್ ಹ್ಯಾವಿಂಗ್ ಚಿಲ್ಡ್ರನ್?”

ಬಟ್ಟಲು ಇದ್ದಿದ್ದರೆ ಅಧ್ಯಕ್ಷರಿಗೇ ಎರಡು ಬೀಜ ಬೀಳಬೇಕಿತ್ತು. ಮಹಾದೇವಿಯ ಮುಖ ಅರಳಿತು. “ಐ ಆಮ್...” ಅಂತ ಶುರು ಮಾಡಿದಳು. ಅದೇ ಹೊತ್ತಿಗೆ ಚಹಾ ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಬಳೆ ಕಪ್ಪಿನ ಕೆಳಗಿನ ಸ್ಟೀಲಿನ ಬಸಿಗೆ ತಾಗಿತು. ಟಣ್.

ಅವಳು ನನ್ನ ಕೈ ನೋಡಿದಳು. ತುಟಿ ಅಲುಗಿತು. ಆಮೇಲೆ ಸ್ಪಷ್ಟವಾಗಿ, “ನೋ, ಸರ್” ಅಂದಳು.

ಆಮೇಲೆ ಊರಿನ ಬಗ್ಗೆ ಕೇಳಿದರು. ಮಕ್ಕಳಿಗೆ ಹೇಳುವ ಹಾಗೆ ಒಂದು ಕಥೆ ಹೇಳು ಅಂದರು. ಅವಳು ಮೇಜಿನ ಅಂಚು ನೋಡುತ್ತ ಕೂತಳು.

“ಯೆಸ್ಸು, ನೋ ಬಿಟ್ರ ಈಕಿಗಿ ಏನೂ ಬರಂಗಿಲ್ಲ ಬಿಡ್ರಿ, ಮೇಡಂ,” ಅಂದರು ಅಧ್ಯಕ್ಷರು.

ಬರುತ್ತದೆ ಅಂತ ನನಗೆ ಗೊತ್ತಿತ್ತು. ‘ಹ್ಯಾಂಗ ಬರ್ತದ ಹಂಗ ಮಾತಾಡು’ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಆ ಹೊತ್ತಿನಲ್ಲಿ, ಇವಳು ನನ್ನ ಶಿಷ್ಯೆ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ಚಹಾ ಕುಡಿದೆ. ಮುಂದಿನ ಹುಡುಗಿ ‘ಮೈಸೆಲ್ಫ್’ ಅಂತಲೇ ಶುರುಮಾಡಿ, ಕೈ ತಿರುಗಿಸಿ, ನಗಿಸಿ, ಹತ್ತು ನಿಮಿಷ ಮಾತಾಡಿದಳು. ಕೆಲಸ ಅವಳಿಗಾಯಿತು. ಮಕ್ಕಳು ಅವಳನ್ನು ಬಹಳ ಹಚ್ಚಿಕೊಂಡರು ಅಂತ ಆಮೇಲೆ ಕೇಳಿದೆ.

ಹೊರಗೆ ಬೇವಿನ ಗಿಡದ ಕೆಳಗೆ ಮಹಾದೇವಿ ನನಗಾಗಿ ಕಾಯುತ್ತಿದ್ದಳು.

“ಅಕ್ಕೋರ, ಒಂದೂ ತಪ್ಪಾಗಲಿಲ್ಲಲ್ರಿ?”

“ಇಲ್ಲವ್ವಾ,” ಅಂದೆ.

“ಹೌದ್ರಿ. ಒಂದೂ ಬೀಜ ಬೀಳಲಿಲ್ಲ.” ಬೆರಳಿಗೆ ಸುತ್ತಿದ್ದ ಸೆರಗಿನ ಅಂಚು ಬಿಚ್ಚುತ್ತ ಅಂದಳು, “ಖರೆ ನನ್ನ ಗಂಗೂನ್ನ ನಾ ಇಲ್ಲ ಅಂದೆ ನೋಡ್ರಿ.”

ನೆಲೋಗಿ ಬಸ್ಸು ಬಂತು. ಹತ್ತಿ ಹೋದಳು. ಮತ್ತೆ ಟ್ಯೂಷನ್ನಿಗೆ ಬರಲಿಲ್ಲ. ಎರಡು ವಾರ ತಡೆದು ನಾನೇ ಅವರೂರಿಗೆ ಹೋದೆ. ಅವಳ ಅತ್ತಿಗೆ ಬಾಗಿಲಲ್ಲೇ ನಿಂತು ಹೇಳಿದಳು, “ಸೊಲ್ಲಾಪುರಕ್ಕ ದುಡಿಯಾಕ ಹೋಗ್ಯಾಳ್ರಿ.”

“ಮಗಳು?”

“ಅದು ಇಜೇರ್ಯಾಗೇ ಅದ ಅಲ್ರಿ. ಇನ್ನೆಲ್ಲಿ ಇರ್ತದ?”

ಇಜೇರಿಗೆ ಹೋಗುವ ಧೈರ್ಯ ನನಗಾಗಲಿಲ್ಲ. ಮರುವರ್ಷ ನಮಗೆ ಅಫಜಲಪುರಕ್ಕೆ ವರ್ಗವಾಯಿತು. ಗಂಗೂ ತಾಯಿಯನ್ನು ಸೇರಿದಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅಫಜಲಪುರದಲ್ಲಿ ಬಟ್ಟಲನ್ನು ಅಟ್ಟಕ್ಕೆ ಹಾಕಿದೆ. ‘ಮೈಸೆಲ್ಫ್’ ಅಂದವರಿಗೆ ‘ಹೂಂ, ಮುಂದ?’ ಅನ್ನುವುದನ್ನು ಕಲಿತೆ. ಎದುರಿನವರು ಏನು ಹೇಳಬೇಕಂತ ಬಂದಿದ್ದಾರೋ ಅದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಬೇಕಾದರೆ ತಿದ್ದುವುದು. ಹದಿನಾರು ವರ್ಷದ ಚಾಪೆ ನನಗೆ ಕಲಿಸಿದ್ದು ಇಷ್ಟೇ. ಅದನ್ನು ಕಲಿಸಿಕೊಟ್ಟ ಮಹಾದೇವಿಗೆ ಅದರಿಂದ ಏನೂ ಸಿಗಲಿಲ್ಲ.

ಈಗಲೂ ಬೇಸಿಗೆಯಲ್ಲಿ ವರ್ಷದ ಹುಣಸೆಹಣ್ಣು ಬಿಡಿಸುವಾಗ ಬೀಜಗಳನ್ನು ಹಳೆಯ ಸೀರೆಯ ಮೇಲೆ ಹಾಕುತ್ತೇನೆ, ಸಪ್ಪಳ ಆಗಬಾರದು ಅಂತ. ಎಲ್ಲೋ ಒಂದು ಜಾರಿ ಫರಸಿ ಕಲ್ಲಿನ ನೆಲದ ಮೇಲೆ ಬೀಳುತ್ತದೆ. ಕೈ ಅಲ್ಲಿಗೇ ನಿಲ್ಲುತ್ತದೆ. ಒಂದೇ ಒಂದು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಒಬ್ಬ ತಾಯಿ, ತನಗೆ ಮಕ್ಕಳಿಲ್ಲ ಅನ್ನುತ್ತಾಳೆ.