ತಲೆಬಾಗದ ತೆನೆ

ಮದುವೆಯಾಗಿ ಕಾಣಿಯೂರಿಗೆ ಬಂದ ಮೊದಲ ವರ್ಷ, ಎಪ್ಪತ್ತರ ದಶಕದ ಕೊನೆಯಲ್ಲಿ, ದನದ ಹಟ್ಟಿಯ ಕೆಳಗಿನ ಸಣ್ಣ ಗದ್ದೆಯನ್ನು ಕಂಡು ನಾನು ಹಿಗ್ಗಿದ್ದೆ. ಸುಗ್ಗಿ ಬೆಳೆ ಹಣ್ಣಾಗುವ ಕಾಲ. ಉಳಿದ ಗದ್ದೆಗಳ ಪೈರೆಲ್ಲ ಬಾಗಿದ್ದರೆ ಅದೊಂದರಲ್ಲಿ ತೆನೆಗಳು ನೆಟ್ಟಗೆ ನಿಂತಿದ್ದವು.

“ಎಷ್ಟು ಚಂದ ನಿಂತಿದೆ ಅತ್ತೆ!” ಅಂದೆ.

ಅತ್ತೆ ಒಂದು ತೆನೆ ಕಿತ್ತು ನನ್ನ ಅಂಗೈಯಲ್ಲಿಟ್ಟರು. “ಒತ್ತಿ ನೋಡು ಮಗಳೇ.”

ಮುಕ್ಕಾಲು ಪಾಲು ಜೊಳ್ಳು.

“ಪಾಪ, ಅದಕ್ಕೆ ಹೊಟ್ಟೆಗೆ ಸಾಲುದಿಲ್ಲ” ಎಂದರು, ಸೊರಗಿದ ಮಗುವಿನ ಬಗ್ಗೆ ಹೇಳುವಂತೆ. ವರ್ಷವರ್ಷವೂ ಗುಡ್ಡೆಯಿಂದ ಹೊರೆಗಟ್ಟಲೆ ಹಸಿ ಸೊಪ್ಪು ತಂದು ಆ ಗದ್ದೆಗೆ ಹಾಕಿ, ಉತ್ತು, ನೀರು ಕಟ್ಟಿ ನಿಲ್ಲಿಸುತ್ತಿದ್ದರು. ಬೇರೆ ಗದ್ದೆಗಳಿಗಿಂತ ಅದಕ್ಕೇ ಹೆಚ್ಚು. ಆದರೂ ತೆನೆ ಬಾಗುತ್ತಿರಲಿಲ್ಲ. ಆ ವರ್ಷ ಸಿಕ್ಕಿದ ನಾಲ್ಕು ಕಾಳನ್ನು ಬೇರೆಯಾಗಿ ಕುಟ್ಟಿ, ಬಸುರಿಯಾಗಿದ್ದ ನನಗೆ ಗಂಜಿ ಮಾಡಿಕೊಡುತ್ತಿದ್ದರು. ಕಷ್ಟಪಟ್ಟು ಬೆಳೆದದ್ದು, ರುಚಿ ಜಾಸ್ತಿ ಎಂದು ಅವರ ನಂಬಿಕೆ.

ನನ್ನ ಗಂಡ ಪುತ್ತೂರಿನಿಂದ ಒಬ್ಬ ಕೃಷಿ ಅಧಿಕಾರಿಯನ್ನು ಕರೆತಂದರು. ಅವರು ಗದ್ದೆಗೆ ಇಳಿಯುವ ಮೊದಲು ಮೇಲಿನ ದಿಬ್ಬವನ್ನೇ ನೋಡುತ್ತಾ ನಿಂತರು.

“ಅಮ್ಮಾ, ಅಲ್ಲಿ ಮೊದಲು ಎಂತ ಇತ್ತು?”

“ಒಂದು ತೊಟ್ಟಿ. ಇವನ ಅಪ್ಪ ಬೇಲಿಗೂಟಗಳನ್ನು ಮದ್ದಿನಲ್ಲಿ ನೆನೆಸ್ತಾ ಇದ್ರು, ಗೆದ್ದಲು ಹಿಡಿಯದ ಹಾಗೆ. ಉಳಿದ ನೀರನ್ನು ಕೆಳಗೆ ಬಿಡುದು.”

ಅಧಿಕಾರಿ ಮಣ್ಣನ್ನೂ ಕಾಳನ್ನೂ ಪರೀಕ್ಷೆಗೆ ಕಳಿಸಿದರು. ಮತ್ತೆ ಬಂದಾಗ ಜಗಲಿಯಲ್ಲಿ ಕುಳಿತು ಮೆಲ್ಲಗೆ ಹೇಳಿದರು: “ಆ ಮದ್ದಿನಲ್ಲಿ ಪಾಷಾಣ, ಅಂದರೆ ಆರ್ಸೆನಿಕ್ ವಿಷ, ಇತ್ತಮ್ಮಾ. ಈಗ ಗದ್ದೆಯಲ್ಲಿ ಉಂಟು. ಮಣ್ಣು ಅದನ್ನು ಹಿಡಿದಿಟ್ಟುಕೊಳ್ತದೆ. ಆದರೆ ನೀರು ನಿಂತು ಅದರಲ್ಲಿ ಹಸಿ ಸೊಪ್ಪು ಕೊಳೆತರೆ ಆ ಹಿಡಿತ ಸಡಿಲ ಆಗ್ತದೆ. ಆಗ ಬೇರು ಅದನ್ನು ಹೀರುದು, ಅದಕ್ಕೇ ಕಾಳು ಜೊಳ್ಳಾಗುದು. ಇನ್ನು ಸೊಪ್ಪು ಬೇಡ. ಅಂಗಡಿ ಗೊಬ್ಬರ ಸ್ವಲ್ಪವೇ ಸಾಕು. ಬೆಳೆಯ ನಡುವೆ ಒಮ್ಮೆ ನೀರು ಬಿಡಿಸಿ ನೆಲ ಬಿರಿಯುವಷ್ಟು ಒಣಗಿಸಿ. ಮತ್ತೆ, ಇದರ ಅಕ್ಕಿ ಊಟಕ್ಕೆ ಬೇಡ.”

ಅತ್ತೆಯ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು. “ನಾನೇ ಕೈಯಾರೆ ಕೊಟ್ಟೆನಲ್ಲ” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಕುಡಿದದ್ದು ಕಡಿಮೆ ಅಲ್ವಾ, ಹೆದರಬೇಡಿ. ಡಾಕ್ಟರಿಗೆ ಒಮ್ಮೆ ತೋರಿಸಿ” ಎಂದರು ಅಧಿಕಾರಿ. ಸುಳ್ಯದ ಡಾಕ್ಟರಲ್ಲಿಗೆ ಅತ್ತೆಯೂ ಜೊತೆಗೆ ಬಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

“ಮಾವನಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ ಅತ್ತೆ” ಅಂದೆ.

“ಅದು ಹೌದು. ಆದರೆ ಮನಸ್ಸು ಕೇಳಬೇಕಲ್ಲ ಮಗಳೇ.”

ಮಗಳು ಆರೋಗ್ಯವಾಗಿಯೇ ಹುಟ್ಟಿದಳು. ಮುಂದಿನ ಸುಗ್ಗಿಗೆ ಗದ್ದೆಗೆ ಸೊಪ್ಪು ಬೀಳಲಿಲ್ಲ. ನೀರು ಹೊರಬಿಟ್ಟು ನೆಲ ಒಣಗಿಸಿದಾಗ ಅತ್ತೆ ನೋಡಲಾಗದೆ ಒಳಗೆ ಹೋಗಿ ಕುಳಿತರು. ಕೊಯ್ಲಿನ ಹೊತ್ತಿಗೆ ತೆನೆ ತುಂಬಿ ಬಾಗಿತ್ತು. ಅತ್ತೆ ಬದುವಿನಲ್ಲಿ ಕುಕ್ಕರಿಸಿ, ಒಂದು ತೆನೆಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತರು.

ಮತ್ತೆ ಪರೀಕ್ಷೆಯಾಯಿತು. ಪಾಷಾಣ ಬಹಳ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಗಂಡ, “ಇನ್ನೊಂದೆರಡು ವರ್ಷ ಹೀಗೇ ಮಾಡಿ ನೋಡುವ” ಎಂದರು. ತೊಡೆಯ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡಿದ್ದ ಅತ್ತೆ ತಲೆಯಾಡಿಸಿದರು.

“ನೀನು ಬೇಕಾದರೆ ನೋಡು ಮಾರಾಯ. ಇವಳ ಬಾಯಿಗೆ ಇಟ್ಟು ನಾನು ನೋಡುದಿಲ್ಲ. ಅದರ ಹುಲ್ಲು ದನಕ್ಕೂ ಬೇಡ.”

ಆ ಗದ್ದೆಯಲ್ಲಿ ಮಣ್ಣಿನ ಏರಿ ಮಾಡಿ ಅಬ್ಬಲಿಗೆ ಹೂವಿನ ಗಿಡ ನೆಟ್ಟರು. ಹೂ ಬಿಟ್ಟಾಗ ಮೊದಲ ಮಾಲೆಯನ್ನು ಮಾವನ ಫೋಟೋಕ್ಕೆ ಹಾಕಿ, ಅದರ ಗಾಜನ್ನು ಬೆರಳಿನಿಂದ ಒರಸಿ, “ಗೊತ್ತಿಲ್ಲದೆ ಆದದ್ದು, ಬೇಜಾರು ಮಾಡಬೇಡಿ” ಎಂದರು. ಎರಡನೆಯದನ್ನು ನನ್ನ ಜಡೆಗೆ ಮುಡಿಸಿದರು.