ಸೆರಗಿನ ಗಂಟಿನ ಬೆಲ್ಲ

ಮಗು ಹಟ ಮಾಡಲಿಲ್ಲ, ಯಾರ ಕಣ್ಣೂ ತಾಕಲಿಲ್ಲ, ನನ್ನ ಸೊಸೆಯ ಹಾಲೂ ನೀರಾಗಿರಲಿಲ್ಲ. ಅದಕ್ಕೆ ಬೆಲ್ಲದ ರುಚಿ ಹತ್ತಿಸಿದವಳು ನಾನು. ನಡೆದದ್ದು ಇಷ್ಟೇ.

ನಮ್ಮ ಮನೆ ಹನೂರಿನಲ್ಲಿ, ದೇವರ ಬೆಟ್ಟಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲೇ. ಮೊಮ್ಮಗಳಿಗೆ ಹತ್ತು ತಿಂಗಳು. ಸೊಸೆ ಸವಿತಾ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ಮಗುವಿಗೆ ರಾಗಿ ಸರಿ ಕಾಯಿಸುತ್ತಾಳೆ. ಬಟ್ಟಲು ಕಂಡರೆ ಸಾಕು, ಮಗು ತುಟಿ ಬಿಗಿದು ಮುಖ ತಿರುಗಿಸುತ್ತಿತ್ತು. ಒಂದು ದಿನ ಬಸ್ಸು ನೋಡಿ ಬಾಯಿ ಬಿಟ್ಟಿತು. ಇವಳು ಅದೇ ಸಮಯ ನೋಡಿ ಒಂದು ತುತ್ತು ಇಟ್ಟಳು. ಅವತ್ತಿನಿಂದ ಬಸ್ಸಿಗೊಂದು ತುತ್ತು. ಅಮಾವಾಸ್ಯೆ ದಿನ ಬೆಟ್ಟಕ್ಕೆ ಬಸ್ಸು ಜಾಸ್ತಿ, ಮಗುವಿಗೆ ವಾಂತಿ. ಮಿಕ್ಕ ದಿನ ಇನ್ನೊಂದು ಬಸ್ಸು ಬರುವಷ್ಟರಲ್ಲಿ ಸರಿ ಆರಿ, ಚಮಚ ಅದರಲ್ಲೇ ನೆಟ್ಟಗೆ ನಿಂತಿರುತ್ತಿತ್ತು.

ನಾನು ಐದು ಮಕ್ಕಳ ತಾಯಿ. ಅವಕ್ಕೆ ಹೇಗೆ ಉಣಿಸಿದೆ ಅಂತ ಕೇಳಿದರೆ ಗಂಟೆಗಟ್ಟಲೆ ಹೇಳಬಲ್ಲೆ. ನಿಜ ಹೇಳಬೇಕೆಂದರೆ ಉಣಿಸಿದ್ದು ನಮ್ಮತ್ತೆ; ನಾನು ಹೊಲದಲ್ಲಿದ್ದೆ. ತಾವು ಮಾಡದ ಕೆಲಸದ ಬಗ್ಗೆಯೇ ಅಜ್ಜಿಯರಿಗೆ ಬಾಯಿ ಜೋರು.

ಅಂಗನವಾಡಿಯಲ್ಲಿ ಎರಡು ತಿಂಗಳು ಮಗುವಿನ ತೂಕ ಏರಲಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಅದರಿಂದಲೂ ಆಗದಿದ್ದಾಗ ಪಕ್ಕದ ಮನೆ ಜಗಲಿಯಲ್ಲಿ ನಾಲ್ಕು ಹೆಂಗಸರ ಮುಂದೆ ಸವಿತಾಗೆ ಅಂದುಬಿಟ್ಟೆ: "ನಿನ್ ಆಲು ಬರೀ ನೀರು ಕಣವ್ವ. ಮಗೀಗೆ ಮೈ ಎಲ್ಲಿಂದ ಬಂದದು?"

ಅವತ್ತಿನಿಂದ ಸವಿತಾಳ ಊಟ ಕಮ್ಮಿಯಾಯಿತು. ಎದೆಹಾಲು ಬಿಡಿಸಿ ಡಬ್ಬಿ ಹಾಲಿನ ಪುಡಿ ಹಾಕೋಣವೇ ಅಂತ ಗಂಡನನ್ನು ಕೇಳುವುದು ನನ್ನ ಕಿವಿಗೆ ಬಿತ್ತು. ಬಿದ್ದರೂ ಸುಮ್ಮನಿದ್ದೆ.

ಮೂರನೇ ಸಲ ತೂಕಕ್ಕೆ ನಾನೂ ಹೋದೆ. ತಕ್ಕಡಿಯಲ್ಲಿ ಕೂರಿಸುತ್ತಿದ್ದ ಹಾಗೇ ಮಗು ನನ್ನ ಕಡೆ ಬಗ್ಗಿ, ಸೆರಗು ಎಳೆದು, ಅದರ ತುದಿಯ ಗಂಟನ್ನು ಬಾಯಿಗಿಟ್ಟು ಚೀಪತೊಡಗಿತು. ಅಂಗನವಾಡಿ ಟೀಚರು ಗಂಟು ಬಿಚ್ಚಿದರು. ಒಳಗೆ ಎಲೆ ಅಡಿಕೆ, ಅದರ ಜೊತೆ ಬೆಲ್ಲದ ಚೂರು.

"ದಿನಕ್ಕೆ ಎಷ್ಟು ಸಲ ಅಜ್ಜಿ?"

"ಅಳುವಾಗ ಒಂಚೂರು," ಅಂದೆ.

"ಇದು ಅಳದೇ ಇರೋದು ಯಾವಾಗ? ಬೆಲ್ಲ ತಿಂದ ಬಾಯಿಗೆ ಸರಿ ಎಲ್ಲಿ ಸೇರುತ್ತೆ?" ಅಂದರು ಟೀಚರು.

ಸವಿತಾ ಮಗುವನ್ನು ಎತ್ತಿಕೊಂಡಳು. "ನನ್ ಆಲು ನೀರು ಅಂದ್ರಲ್ಲ ಅತ್ತೆ," ಅಂದಳು. ದನಿ ಏರಲಿಲ್ಲ. ಏರಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ, ಸುಲಭವಾಗುತ್ತಿತ್ತು.

ಯಾಕೆ ಕೊಟ್ಟೆ? ಅಕ್ಕರೆಗೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಅದಲ್ಲ. ಮಗು ತಾಯಿಯ ಸೊಂಟ ಬಿಟ್ಟು ನನ್ನ ಕಡೆ ಜಿಗಿಯುವುದನ್ನು ಜನ ನೋಡಲಿ ಅಂತ. ಈ ವಯಸ್ಸಿನಲ್ಲಿ, ಹತ್ತು ತಿಂಗಳ ಮಗುವಿನ ಹತ್ತಿರ ಚುನಾವಣೆ ಗೆಲ್ಲಲು ಹೊರಟಿದ್ದೆ.

ಮಾರನೇ ಬೆಳಿಗ್ಗೆ ಗಂಟಿನ ಬೆಲ್ಲವನ್ನು ಹಸುವಿನ ಬಾಯಿಗೆ ಹಾಕಿದೆ. ಅದೇ ಜಗಲಿಗೆ ಹೋಗಿ, ಅದೇ ಹೆಂಗಸರ ಮುಂದೆ, "ನಮ್ ಸವಿತನ ಆಲು ಚೆನ್ನಾಗೇ ಅದೆ, ಕೆಟ್ಟಿದ್ದು ನನ್ ಕೈ," ಅಂದು ಬಂದೆ. ಬಂದು ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿ, ಮೊದಲು ನೀನು ಉಣ್ಣು ಅಂತ ಸವಿತಾಳನ್ನು ಕೂರಿಸಿದೆ. ಮಗು ನನ್ನ ಸೆರಗು ತಡಕಿತು, ಬರೀ ಬಟ್ಟೆ. ಸ್ವಲ್ಪ ಹೊತ್ತು ಅತ್ತಿತು, ಆಮೇಲೆ ಅಂಬೆಗಾಲಿಟ್ಟು ಹೋಗಿ ತಾಯಿಯ ತಟ್ಟೆಗೇ ಕೈ ಹಾಕಿತು. ಅಷ್ಟರಲ್ಲಿ ಬೆಟ್ಟದ ಬಸ್ಸಿನ ಹಾರನ್ ಕೇಳಿಸಿತು. ಮಗು ಆ ಕಡೆ ತಿರುಗುವ ಮೊದಲೇ ಎದ್ದು ಹೋಗಿ ಬೀದಿ ಬಾಗಿಲು ಹಾಕಿದೆ.